ಮೊದಲ ಬೈಕಿಗೆ ಎಷ್ಟು ಸಿಸಿ ಸಾಕು?

ಕಳೆದ ದಸರಾ ಹೊತ್ತಿಗೆ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಡಿಎಲ್ ಬಂತು. 350 ತಗೊಳ್ಳಲಾ, 390 ತಗೊಳ್ಳಲಾ?" ಒಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಇನ್ನೊಂದು ಕೆಟಿಎಂ 390 ಡ್ಯೂಕ್. ಅವನ ಲೆಕ್ಕದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಬರೀ 40 ಸಿಸಿ. ನಿಜಕ್ಕೂ ಒಂದು ಎತ್ತು, ಇನ್ನೊಂದು ರೇಸ್ ಕುದುರೆ.

"ದಿನಾ ಎಲ್ಲಿಗೆ ಓಡಿಸ್ತೀಯ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾಗೆ ಕೆಲಸಕ್ಕೆ ಹೋಗಿ ಬರುತ್ತಾನೆ. ತಿಂಗಳಿಗೊಮ್ಮೆ ಊರು. ಉಳಿದದ್ದೆಲ್ಲ ಲಡಾಖ್, ಅದೂ ಮೊಬೈಲ್ ಒಳಗೆ.

ಅವತ್ತು ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಸ್ಕೂಟರ್ ಮಾತ್ರ ಓಡಿಸಿ ಗೊತ್ತಿದ್ದು ಈಗ ಗೇರ್ ಗಾಡಿ ಕೊಳ್ಳುವವರಿಗೂ ಇದು ಅನ್ವಯಿಸುತ್ತದೆ.

ಹೆಜ್ಜೆ 1: ಒಂದು ವಾರದ ಓಡಾಟ ಬರೆದಿಡಿ

ಶೋರೂಂಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆಯಿರಿ. ದಿನಕ್ಕೆ ಎಷ್ಟು ಕಿಲೋಮೀಟರ್? ಅದರಲ್ಲಿ ಸಿಗ್ನಲ್, ಟ್ರಾಫಿಕ್ ಎಷ್ಟು? ಹಿಂದೆ ಯಾರಾದರೂ ಕೂರುತ್ತಾರಾ? ದಾರಿಯಲ್ಲಿ ಘಾಟಿ ಅಥವಾ ಮಣ್ಣು ರಸ್ತೆ ಇದೆಯಾ?

ಈಗಿನ ಓಡಾಟವನ್ನೇ ಬರೆಯಿರಿ, ಮುಂದೆ ಹೋಗಬೇಕು ಅಂದುಕೊಂಡಿರುವ ಜಾಗಗಳನ್ನಲ್ಲ. ವರ್ಷಕ್ಕೆ ಎರಡು ಸಲ ಹೋಗುವ ಟ್ರಿಪ್‌ಗೋಸ್ಕರ ಉಳಿದ 360 ದಿನ ಭಾರದ ಗಾಡಿಯನ್ನು ಪಾರ್ಕಿಂಗ್‌ನಲ್ಲಿ ಎಳೆದಾಡುವವರನ್ನು ತುಂಬಾ ನೋಡಿದ್ದೇನೆ.

"ಹೈವೇಗೆ ದೊಡ್ಡ ಎಂಜಿನ್ ಬೇಕಲ್ವಾ?" ಅಂತ ಕೇಳಬಹುದು. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕಿಗೆ ಗಂಟೆಗೆ 80 ಕಿಲೋಮೀಟರೇ ಮಿತಿ. ಇವತ್ತಿನ ಒಳ್ಳೆಯ 125 ಸಿಸಿ ಬೈಕ್ ಒಬ್ಬರನ್ನು ಕೂರಿಸಿಕೊಂಡು ಆ ವೇಗಕ್ಕೆ ಆರಾಮಾಗಿ ಹೋಗುತ್ತದೆ. ಇನ್ನು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. 390 ಇದ್ದರೂ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಹೆಜ್ಜೆ 2: ಸಿಸಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎಲ್ಲರೂ ಎಡವುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ನೋಡೋಣ.

ಸಿಲಿಂಡರ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಆಡುವ ಜಾಗದ ಅಳತೆಯೇ ಸಿಸಿ, ಅಂದರೆ ಘನ ಸೆಂಟಿಮೀಟರ್. ಹೀರೋ ಸ್ಪ್ಲೆಂಡರ್‌ನ ಸಿಲಿಂಡರ್ 50 ಮಿಲಿಮೀಟರ್ ಅಗಲ. ಪಿಸ್ಟನ್ ಓಡುವ ದೂರ 49.5 ಮಿಲಿಮೀಟರ್. ಶಾಲೆಯಲ್ಲಿ ಕಲಿತ ಸಿಲಿಂಡರ್ ಲೆಕ್ಕವನ್ನೇ ಹಾಕಿದರೆ 97.2 ಸಿಸಿ ಬರುತ್ತದೆ. ಅಷ್ಟೇ ವಿಷಯ. ಒಂದು ಸಲಕ್ಕೆ ಎಂಜಿನ್ ಎಷ್ಟು ಉಸಿರು ತುಂಬಿಕೊಳ್ಳುತ್ತದೆ ಎಂದು ಸಿಸಿ ಹೇಳುತ್ತದೆ. ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಂದು ಹೇಳುವುದಿಲ್ಲ.

ಈಗ ಅಕ್ಕನ ಮಗನ ಪ್ರಶ್ನೆಗೆ ಬರೋಣ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸಿಲಿಂಡರ್ 72 ಮಿಲಿಮೀಟರ್ ಅಗಲ, ಪಿಸ್ಟನ್ ಓಡುವ ದೂರ 85.8 ಮಿಲಿಮೀಟರ್. ಉದ್ದ ಲೋಟ ಇದ್ದ ಹಾಗೆ. ಕೆಟಿಎಂ 390 ಡ್ಯೂಕ್‌ನ ಹಳೆಯ 373 ಸಿಸಿ ಎಂಜಿನ್ 89 ಮಿಲಿಮೀಟರ್ ಅಗಲ, ಓಟ ಬರೀ 60. ಇದು ಅಗಲ ಬೋಗುಣಿ. ಉದ್ದ ಲೋಟದಲ್ಲಿ ಪಿಸ್ಟನ್ ಒಂದೊಂದು ಸುತ್ತಿಗೂ ತುಂಬಾ ದೂರ ಹೋಗಿ ಬರಬೇಕು. ಹಾಗಾಗಿ ಜೋರಾಗಿ ಸುತ್ತಲು ಆಗುವುದಿಲ್ಲ. ಆದರೆ ಕಡಿಮೆ ಸುತ್ತಿನಲ್ಲೇ ಎಳೆತ ಜಾಸ್ತಿ. ಕ್ಲಾಸಿಕ್‌ಗೆ 27 ನ್ಯೂಟನ್ ಮೀಟರ್ ಟಾರ್ಕ್ (ಎಳೆತದ ಅಳತೆ) ನಿಮಿಷಕ್ಕೆ 4,000 ಸುತ್ತು, ಅಂದರೆ 4,000 ಆರ್‌ಪಿಎಂನಲ್ಲೇ ಸಿಗುತ್ತದೆ. ಬೋಗುಣಿ ಎಂಜಿನ್ ಮಾತ್ರ ಸುತ್ತು ಏರಿದ ಹಾಗೆ ಶಕ್ತಿ ಏರಿಸುತ್ತಾ ಹೋಗುತ್ತದೆ. 390ಕ್ಕೆ ಪೂರ್ತಿ 43.5 ಪಿಎಸ್ (ಕುದುರೆ ಶಕ್ತಿ) ಬರುವುದು 9,000 ಆರ್‌ಪಿಎಂ ಹತ್ತಿರ. 2023ರಲ್ಲಿ ಬಂದ ಹೊಸ 399 ಸಿಸಿ ಎಂಜಿನ್‌ಗೆ 46 ಪಿಎಸ್ ಇದೆ.

ಆದ್ದರಿಂದ ಸಿಸಿ ಜೊತೆಗೆ ಇನ್ನೊಂದು ಲೆಕ್ಕ ಹಾಕಿ. ಬೈಕಿನ ಪಿಎಸ್ ಅನ್ನು ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. ನೂರು ಕೆಜಿಗೆ ಎಷ್ಟು ಕುದುರೆ ಎಂದು ಗೊತ್ತಾಗುತ್ತದೆ. ನಾನು ಹಾಕಿದ ಲೆಕ್ಕ ಸುಮಾರಾಗಿ ಹೀಗಿದೆ:

ಹೀರೋ ಸ್ಪ್ಲೆಂಡರ್, 97 ಸಿಸಿ: 7
ಹೋಂಡಾ ಶೈನ್, 125 ಸಿಸಿ: 9.5
ಬಜಾಜ್ ಪಲ್ಸರ್, 150 ಸಿಸಿ: 9.5
ಕ್ಲಾಸಿಕ್, 350 ಸಿಸಿ: 10
ಟಿವಿಎಸ್ ಅಪಾಚೆ 160 4ವಿ: 12
ಯಮಾಹಾ ಆರ್15, 155 ಸಿಸಿ: 13
ಕೆಟಿಎಂ 200 ಡ್ಯೂಕ್: 16
ಕೆಟಿಎಂ 390 ಡ್ಯೂಕ್: 27

ಈ ಪಟ್ಟಿಯನ್ನು ಇನ್ನೊಂದು ಸಲ ನೋಡಿ. 350 ಬೈಕು 125ರ ಪಕ್ಕದಲ್ಲೇ ಕೂತಿದೆ. ಅದರ ಅರ್ಧಕ್ಕಿಂತ ಕಡಿಮೆ ಸಿಸಿ ಇರುವ ಆರ್15 ಅದಕ್ಕಿಂತ ಮುಂದಿದೆ. 390 ಯಾರ ಕೈಗೂ ಸಿಗದೆ ಎಲ್ಲೋ ಹೋಗಿದೆ.

ನಮ್ಮ ಅಪ್ಪಂದಿರಿಗೆ ಈ ಪಟ್ಟಿ ಆಶ್ಚರ್ಯ ತರುವುದಿಲ್ಲ. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100 ಬರೀ 98 ಸಿಸಿ. ಟೂ ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಒಂದು ಹೊಡೆತ. 11 ಪಿಎಸ್, ಗಾಡಿ ತೂಕ ನೂರು ಕೆಜಿ ಆಸುಪಾಸು. ಅದೇ ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ 250 ಸಿಸಿ ಯೆಜ್ಡಿ ರೋಡ್‌ಕಿಂಗ್‌ಗೆ 16 ಕುದುರೆ. ಅವತ್ತಿಗೆ ಅದು ದೊಡ್ಡ ಬೈಕು. ಇವತ್ತು 160 ಸಿಸಿ ಅಪಾಚೆ ಅದಕ್ಕಿಂತ ಜಾಸ್ತಿ ಕೊಡುತ್ತದೆ. "ನಮ್ಮ ಕಾಲದಲ್ಲಿ 250 ಓಡಿಸುತ್ತಿದ್ದೆವು, ನೀನು 160 ತಗೋತೀಯಾ?" ಎಂದು ಯಾರಾದರೂ ಕೇಳಿದರೆ ಈ ಲೆಕ್ಕ ತೋರಿಸಿ.

ಹೆಜ್ಜೆ 3: ಗಾಡಿಯನ್ನು ತಳ್ಳಿ ನೋಡಿ

ನನ್ನ ಮೊದಲ ಬೈಕು ಸೆಕೆಂಡ್ ಹ್ಯಾಂಡ್ 350. ಮೊದಲ ವಾರವೇ ಪೆಟ್ರೋಲ್ ಬಂಕ್‌ನಲ್ಲಿ ಬೀಳಿಸಿದೆ. ವೇಗ ಸೊನ್ನೆ. ಕಾಲಿಟ್ಟ ಜಾಗದಲ್ಲಿ ಜಲ್ಲಿ ಪುಡಿ ಇತ್ತು, ಪಾದ ಜಾರಿತು, ಗಾಡಿ ವಾಲಿತು. ಒಂದು ಹಂತದವರೆಗೆ ಹಿಡಿದೆ. ಆಮೇಲೆ ಅದು ನನ್ನ ಮಾತು ಕೇಳಲಿಲ್ಲ. ಎತ್ತಲು ಇಬ್ಬರು ಬರಬೇಕಾಯಿತು. ಮೊಣಕಾಲಿಗಿಂತ ಮರ್ಯಾದೆಗೆ ಪೆಟ್ಟು ಜಾಸ್ತಿ ಆಯಿತು.

ಹೊಸಬರು ಹೆಚ್ಚಾಗಿ ಬೀಳುವುದು ಹೀಗೇ. ಸಿಗ್ನಲ್‌ನಲ್ಲಿ ನಿಲ್ಲಿಸುವಾಗ, ಯೂಟರ್ನ್ ಹೊಡೆಯುವಾಗ, ಇಳಿಜಾರಿನ ಪಾರ್ಕಿಂಗ್‌ನಿಂದ ಹಿಂದಕ್ಕೆ ತೆಗೆಯುವಾಗ. ಅಲ್ಲಿ ಕೆಲಸಕ್ಕೆ ಬರುವುದು ಪಿಕಪ್ ಅಲ್ಲ, ತೂಕ ಮತ್ತು ಸೀಟಿನ ಎತ್ತರ. ಸ್ಪ್ಲೆಂಡರ್ 112 ಕೆಜಿ. ಅಪಾಚೆ 160 4ವಿ 144. ಕ್ಲಾಸಿಕ್ 350 ಆದರೆ 195 ಕೆಜಿ. ಅದೇ ಎಂಜಿನ್ ಇರುವ ಹಂಟರ್ 181. ಸ್ಪ್ಲೆಂಡರ್‌ಗೂ ಕ್ಲಾಸಿಕ್‌ಗೂ ಇರುವ ವ್ಯತ್ಯಾಸ ಒಂದೂವರೆ ಮೂಟೆ ಸಿಮೆಂಟಿಗಿಂತ ಜಾಸ್ತಿ.

ಕಾಲಿನ ಅಳತೆ ಮನೆಯಲ್ಲೇ ತೆಗೆಯಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ತೊಡೆಗಳ ಮಧ್ಯೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪ್ ಹಿಡಿದು ಅಳೆಯಿರಿ. ಈ ಅಳತೆಯನ್ನು ಬೈಕಿನ ಸೀಟಿನ ಎತ್ತರದ ಜೊತೆ ಹೋಲಿಸಿ. ಸ್ಪ್ಲೆಂಡರ್‌ದು 785 ಮಿಲಿಮೀಟರ್, ಕ್ಲಾಸಿಕ್‌ದು 805, ಆರ್15ರದು 815, ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕಿನದು 825. ಕೂತಾಗ ಸೀಟೂ ಶಾಕ್ ಅಬ್ಸಾರ್ಬರೂ ಸ್ವಲ್ಪ ಇಳಿಯುತ್ತವೆ, ಶೂ ಸ್ವಲ್ಪ ಎತ್ತರ ಕೊಡುತ್ತದೆ. ಹಾಗಾಗಿ ಸೀಟು ನಿಮ್ಮ ಅಳತೆಗಿಂತ ಎರಡು ಮೂರು ಸೆಂಟಿಮೀಟರ್ ಮೇಲಿದ್ದರೆ ಹೆದರಬೇಕಿಲ್ಲ. ಆರೇಳು ಸೆಂಟಿಮೀಟರ್ ಮೇಲಿದ್ದರೆ ಮೊದಲ ಬೈಕಿಗೆ ಅದು ಬೇಡ.

ಬರೀ ಅಂಕಿ ನೋಡಿಯೂ ತೀರ್ಮಾನ ಮಾಡಬೇಡಿ. ಅಗಲ ಸೀಟು ಕಾಲನ್ನು ಹೊರಕ್ಕೆ ತಳ್ಳುತ್ತದೆ, ನೆಲ ದೂರ ಆಗುತ್ತದೆ. ನನ್ನ ತಂಗಿ ಐದಡಿ ಎರಡಂಗುಲ ಇದ್ದಾಳೆ. ಕಾಗದದ ಮೇಲೆ ಎತ್ತರ ಕಡಿಮೆ ಇದ್ದ ಒಂದು ಬೈಕ್ ಅವಳಿಗೆ ಒಗ್ಗಲಿಲ್ಲ. ಅದಕ್ಕಿಂತ ಎತ್ತರದ, ಆದರೆ ಟ್ಯಾಂಕಿನ ಹತ್ತಿರ ಸೀಟು ಸಣ್ಣಗಿದ್ದ ಬೈಕ್ ಸಲೀಸಾಯಿತು.

ಶೋರೂಂನಲ್ಲಿ ಎಂಜಿನ್ ಆಫ್ ಮಾಡಿ ಗಾಡಿಯನ್ನು ಹಿಂದಕ್ಕೆ ಮುಂದಕ್ಕೆ ತಳ್ಳಿ. ಮೇನ್ ಸ್ಟ್ಯಾಂಡ್ ಹಾಕಿ ನೋಡಿ. ಎಂಟು ಹತ್ತು ಡಿಗ್ರಿ ಪಕ್ಕಕ್ಕೆ ವಾಲಿಸಿ ನೇರ ಮಾಡಿ. ಸೇಲ್ಸ್ ಹುಡುಗ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಹೆಜ್ಜೆ 4: ನಿಮ್ಮ ಚೀಟಿಗೆ ಯಾವ ಸಿಸಿ?

100–110 ಸಿಸಿ. ಊರೊಳಗಿನ ಓಡಾಟ, ತೋಟ, ಹಾಲಿನ ಡೇರಿ, ಮಕ್ಕಳ ಸ್ಕೂಲು. ಮೈಲೇಜ್ ಬೇಕೇ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಡಬಲ್ಸ್ ಹೋಗುವಾಗ ಏರು ಸಿಕ್ಕರೆ ಗೇರ್ ಇಳಿಸಿ ಇಳಿಸಿ ಸಾಕಾಗುತ್ತದೆ. ಬಸ್ ಓವರ್‌ಟೇಕ್ ಮಾಡುವಾಗ ಉಸಿರು ಸಾಲುವುದಿಲ್ಲ.

125 ಸಿಸಿ. ನಗರದಲ್ಲಿ ಕಲಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹಗುರ, ಹೆಚ್ಚಿನವುಗಳಲ್ಲಿ ಐದು ಗೇರ್, ಕ್ಲಚ್ ಮೆತ್ತಗೆ. ತಪ್ಪು ಗೇರ್‌ನಲ್ಲಿದ್ದರೂ ಕ್ಷಮಿಸುತ್ತದೆ. ಟಿವಿಎಸ್ ರೈಡರ್ ತರಹದ ಹೊಸ 125ಗಳಿಗೆ 11 ಪಿಎಸ್ ದಾಟಿದೆ, ಹಿಂದಿನ ಕಾಲದ "ಕಮ್ಯೂಟರ್" ಅನ್ನುವ ತಾತ್ಸಾರ ಇವಕ್ಕೆ ಸಲ್ಲದು.

150–160 ಸಿಸಿ. ದಿನಾ ನಗರ, ವಾರಕ್ಕೊಮ್ಮೆ ಹೈವೇ, ಆಗಾಗ ಹಿಂದೆ ಒಬ್ಬರು ಎಂದು ಚೀಟಿಯಲ್ಲಿದ್ದರೆ ಇಲ್ಲಿ ನಿಲ್ಲಿ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳನ್ನು ಡಬಲ್ಸ್ ಹತ್ತಲು ಈ ಎಂಜಿನ್ ಸಾಕು. ಇದರೊಳಗೂ ಎರಡು ಸ್ವಭಾವ ಇದೆ. ಯಮಾಹಾ ಎಫ್‌ಝಡ್ 12.4 ಪಿಎಸ್‌ನ ಸಾಧು ಗಾಡಿ. ಹೆಚ್ಚು ಕಡಿಮೆ ಅಷ್ಟೇ ಸಿಸಿಯ ಆರ್15ಕ್ಕೆ 18.4 ಪಿಎಸ್, ಅದೂ 10,000 ಆರ್‌ಪಿಎಂನಲ್ಲಿ. ಮುಂದಕ್ಕೆ ಬಾಗಿ ಕೂರಬೇಕು, ಟ್ರಾಫಿಕ್‌ನಲ್ಲಿ ಮಣಿಕಟ್ಟು ನೋಯುತ್ತದೆ. ಕಲಿಯಲು ಎಫ್‌ಝಡ್ ತರಹದ್ದೇ ಮೇಲು.

200 ಸಿಸಿ. ಇಲ್ಲಿ ಸಿಸಿ ನೋಡಿ ಏನೂ ಹೇಳಲಾಗದು. ಎಕ್ಸ್‌ಪಲ್ಸ್‌ಗೆ 19 ಪಿಎಸ್, ಮಣ್ಣು ರಸ್ತೆಗೆ ಮಾಡಿದ ಗಾಡಿ. ಎಸ್ಟೇಟ್ ಕಡೆಯವರು, ಉದ್ದ ಕಾಲಿನವರು ಧೈರ್ಯವಾಗಿ ನೋಡಬಹುದು. 200 ಡ್ಯೂಕ್‌ಗೆ 25 ಪಿಎಸ್. ಅದು ಎರಡನೇ ಬೈಕು.

350 ಸಿಸಿ. ಎಂಜಿನ್ ಹೊಸಬರಿಗೆ ಹೆದರಿಸುವಂಥದ್ದಲ್ಲ, ತಟ್ಟನೆ ನುಗ್ಗುವುದಿಲ್ಲ. ಸಮಸ್ಯೆ ತೂಕದ್ದು. ಹೆಜ್ಜೆ 3ರ ಪರೀಕ್ಷೆ ನಗುನಗುತ್ತಾ ಪಾಸಾದರೆ, ಟ್ರಾಫಿಕ್ ಕಡಿಮೆ ಇರುವ ಊರಾದರೆ ತಗೊಳ್ಳಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ದಿನಾ ದಾಟಬೇಕು ಅಂದರೆ ಎರಡು ಸಲ ಯೋಚಿಸಿ.

390. ಮೊದಲ ಬೈಕಿಗೆ ಬೇಡ. ಹಂಪ್ ಮೇಲೆ ಗಾಡಿ ಕುಣಿದಾಗ ಹೊಸಬರ ಬಲಗೈ ತನಗೆ ಗೊತ್ತಿಲ್ಲದೆ ಅರ್ಧ ಅಂಗುಲ ತಿರುಗುತ್ತದೆ. 125ರಲ್ಲಿ ಅದಕ್ಕೆ ಎಂಜಿನ್ ಸದ್ದು ಜಾಸ್ತಿ ಆಗುತ್ತದೆ ಅಷ್ಟೇ. 390ರಲ್ಲಿ ಮುಂದಿನ ಕಾರಿನ ಡಿಕ್ಕಿ ಹತ್ತಿರ ಬಂದಿರುತ್ತದೆ.

ಹೆಜ್ಜೆ 5: ಕಾನೂನು ಮತ್ತು ಖರ್ಚಿನ ಗೆರೆಗಳು

ನಮ್ಮ ದೇಶದಲ್ಲಿ 18 ತುಂಬಿ, ಎಲ್‌ಎಲ್‌ಆರ್ ಮಾಡಿಸಿ, 30 ದಿನದ ಮೇಲೆ ಆರ್‌ಟಿಒದಲ್ಲಿ 8 ಹಾಕಿ ತೋರಿಸಿದರೆ ಗೇರ್ ಬೈಕಿನ ಡಿಎಲ್ ಬರುತ್ತದೆ. ಅದೇ ಡಿಎಲ್‌ನಲ್ಲಿ ಸ್ಪ್ಲೆಂಡರ್ ಓಡಿಸಬಹುದು, ಸಾವಿರ ಸಿಸಿಯದ್ದನ್ನೂ ಓಡಿಸಬಹುದು. ಬ್ರಿಟನ್ನಿನಲ್ಲಿ ಹಾಗಿಲ್ಲ. 17ಕ್ಕೆ 125 ಸಿಸಿ, ಹೆಚ್ಚೆಂದರೆ 11 ಕಿಲೊವ್ಯಾಟ್, ಅಂದರೆ 15 ಪಿಎಸ್. 19 ಆದಮೇಲೆ 35 ಕಿಲೊವ್ಯಾಟ್‌ವರೆಗೆ. 390ರ ಶಕ್ತಿ ಈ ಎರಡನೇ ಮೆಟ್ಟಿಲೊಳಗೆ ಅಂಚಿಗೆ ಬಂದು ನಿಲ್ಲುತ್ತದೆ. ಅಂದರೆ 18ರ ಹುಡುಗನಿಗೆ ಅಲ್ಲಿ ಅದನ್ನು ಓಡಿಸಲು ಬಿಡುವುದಿಲ್ಲ. ಇಲ್ಲಿ ಆ ಮೆಟ್ಟಿಲುಗಳನ್ನು ನಾವೇ ಹಾಕಿಕೊಳ್ಳಬೇಕು.

ಇನ್ನು ಜೇಬಿನ ವಿಷಯ. ಸಿಸಿ ಒಂದೆರಡು ಹೆಚ್ಚಾದರೂ ಖರ್ಚು ಜಿಗಿಯುವ ಗೆರೆಗಳಿವೆ.

125ರ ಗೆರೆ ಬ್ರೇಕಿನದು. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಬೈಕಿಗೆ ಎಬಿಎಸ್ ಕಡ್ಡಾಯ. ಅದರ ಕೆಳಗಿನವಕ್ಕೆ ಸಿಬಿಎಸ್ ಇದ್ದರೆ ಸಾಕು ಎಂದು ನಿಯಮ ಮಾಡಿದರು. ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಎಬಿಎಸ್ ಆದರೆ ಗಾಬರಿಯಲ್ಲಿ ಜೋರಾಗಿ ಹಿಡಿದಾಗ ಚಕ್ರ ಲಾಕ್ ಆಗಲು ಬಿಡುವುದಿಲ್ಲ. ಹೊಸಬರು ಗಾಬರಿಯಲ್ಲೇ ಬ್ರೇಕ್ ಹಿಡಿಯುವುದು. ಅದೂ ಮೊದಲ ಮಳೆಗೆ ಎಣ್ಣೆ ತೇಲುವ ರಸ್ತೆಯಲ್ಲಿ. ಹಾಗಾಗಿ 125 ಕೊಳ್ಳುವುದಾದರೆ ಎಬಿಎಸ್ ಇರುವ ಮಾಡೆಲ್ ಕೇಳಿ. ಹೀರೋ ಎಕ್ಸ್‌ಟ್ರೀಮ್ 125ಆರ್‌ನಲ್ಲಿ ಸಿಗುತ್ತದೆ.

150ರ ಗೆರೆ ಇನ್ಶೂರೆನ್ಸ್‌ನದು. ಇದನ್ನು ಶೋರೂಂನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. 2022ರಲ್ಲಿ ನಿಗದಿಯಾದ ದರದಲ್ಲಿ 75ರಿಂದ 150 ಸಿಸಿವರೆಗೆ ಅದು 3,851 ರೂಪಾಯಿ. 150 ದಾಟಿ 350ರವರೆಗೆ 7,365. 350 ದಾಟಿದರೆ 15,117. ಜಿಎಸ್‌ಟಿ ಬೇರೆ. 149.5 ಸಿಸಿಯ ಪಲ್ಸರ್ 150 ಕೆಳಗಿನ ಸಾಲಿನಲ್ಲಿ ಬರುತ್ತದೆ. 155 ಸಿಸಿಯ ಆರ್15 ಮೇಲಿನ ಸಾಲಿಗೆ ಹೋಗಿ 350 ಬೈಕಿನಷ್ಟೇ ಕಟ್ಟುತ್ತದೆ.

350ರ ಗೆರೆ ತೆರಿಗೆಯದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿಯಿತು. ಅದನ್ನು ದಾಟಿದವಕ್ಕೆ 40 ಪರ್ಸೆಂಟ್. ಅಕ್ಕನ ಮಗನ 40 ಸಿಸಿ ವ್ಯತ್ಯಾಸ ಇಲ್ಲಿ ಅವನಿಗೆ ಸರಿಯಾಗಿ ಅರ್ಥವಾಯಿತು. ಕರ್ನಾಟಕದ ರಸ್ತೆ ತೆರಿಗೆ ಬೈಕಿನ ಬೆಲೆ ನೋಡಿ ಹಾಕುವಂಥದ್ದು, ಹಾಗಾಗಿ ಆನ್‌ರೋಡ್ ಬೆಲೆ ಕೇಳಿಯೇ ಹೋಲಿಸಿ.

ಪೆಟ್ರೋಲ್ ಲೆಕ್ಕ ಸುಲಭ. ಲೀಟರಿಗೆ ನೂರು ರೂಪಾಯಿ ಅಂದುಕೊಂಡು, ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ, 60 ಮೈಲೇಜ್ ಕೊಡುವ 100–125ಕ್ಕೆ ಸುಮಾರು 1,700 ರೂಪಾಯಿ. 45 ಕೊಡುವ 160ಕ್ಕೆ 2,200. 33 ಕೊಡುವ 350ಕ್ಕೆ 3,000. ಇದರ ಮೇಲೆ ಟೈರು, ಚೈನು, ಸರ್ವಿಸ್. ಒಳ್ಳೆಯ ಐಎಸ್‌ಐ ಹೆಲ್ಮೆಟ್ ಎರಡು, ಗ್ಲೌಸು, ಮಳೆಗಾಲದ ರೇನ್‌ಕೋಟು ಇವಕ್ಕೂ ಬಜೆಟ್‌ನಲ್ಲೇ ದುಡ್ಡು ತೆಗೆದಿಡಿ. ಅದು ಉಳಿಯುತ್ತಿಲ್ಲ ಅಂದರೆ ಒಂದು ಮೆಟ್ಟಿಲು ಕೆಳಗಿನ ಬೈಕ್ ನೋಡಿ.

ಸೆಕೆಂಡ್ ಹ್ಯಾಂಡ್ 125 ಅಥವಾ 150 ಕೊಂಡು ವರ್ಷ ಓಡಿಸಿ ಮಾರುವುದೂ ಜಾಣತನವೇ. ಬೀಳಿಸಿದರೆ ಹೊಟ್ಟೆ ಉರಿಯುವುದಿಲ್ಲ. ಆರ್‌ಸಿ ನಿಮ್ಮ ಹೆಸರಿಗೆ ಆಗುವ ಮೊದಲು ಪೂರ್ತಿ ದುಡ್ಡು ಮಾತ್ರ ಕೊಡಬೇಡಿ.

ಹೆಜ್ಜೆ 6: ಟೆಸ್ಟ್ ರೈಡ್‌ನಲ್ಲಿ ಇವನ್ನು ನೋಡಿ

ನೇರ ರಸ್ತೆಯಲ್ಲಿ ರೇಸ್ ಕೊಟ್ಟು ವಾಪಸ್ ಬರುವುದು ಟೆಸ್ಟ್ ರೈಡ್ ಅಲ್ಲ. ಎಲ್ಲ ಬೈಕೂ ನೇರಕ್ಕೆ ಚೆನ್ನಾಗಿಯೇ ಹೋಗುತ್ತದೆ.

ಮೊದಲು ಹಾಫ್ ಕ್ಲಚ್‌ನಲ್ಲಿ ನಡಿಗೆಯ ವೇಗಕ್ಕೆ ಐವತ್ತು ಅಡಿ ಹೋಗಿ. ಗಾಡಿ ಜಗ್ಗಿ ಜಗ್ಗಿ ಹೋದರೆ ಸಂಜೆ ಟ್ರಾಫಿಕ್‌ನಲ್ಲಿ ನಿಮಗೆ ಕಷ್ಟ. ಎರಡನೇ ಗೇರ್‌ನಲ್ಲಿ ಹಂಪ್ ದಾಟಿ, ಮತ್ತೆ ಅದೇ ಗೇರ್‌ನಲ್ಲಿ ಎಳೆಯುತ್ತದಾ ನೋಡಿ. ಸಣ್ಣ ರಸ್ತೆಯಲ್ಲಿ ಕಾಲು ಕೆಳಗಿಡದೆ ಯೂಟರ್ನ್ ಮಾಡಿ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ. ಎಂಜಿನ್ ಆಫ್ ಆದರೆ ನಾಚಿಕೆ ಬೇಡ, ಆದರೆ ಮೂರು ಸಲಕ್ಕೂ ಆಫ್ ಆದರೆ ಆ ಬೈಕಿನ ಕ್ಲಚ್‌ಗೂ ನಿಮಗೂ ಸದ್ಯಕ್ಕೆ ಹೊಂದಾಣಿಕೆ ಇಲ್ಲ. ಕ್ಲಚ್ ಲಿವರ್ ಇಪ್ಪತ್ತು ಸಲ ಒತ್ತಿ, ಎಡಗೈ ನೋಯುತ್ತದಾ ನೋಡಿ. ಕೊನೆಗೆ ಸ್ನೇಹಿತರನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು. ಒಬ್ಬರೇ ಓಡಿಸುವಾಗ ಸಾಕೆನಿಸಿದ 110 ಇಲ್ಲಿ ಸೋಲಬಹುದು. ಕೈಗೆ ಸಿಕ್ಕಿತು ಅನ್ನಿಸಿದ 350 ಇಲ್ಲಿ ವಾಲಬಹುದು.

ಎರಡು ಬೈಕ್ ಮಧ್ಯೆ ಮನಸ್ಸು ತೂಗಾಡುತ್ತಿದ್ದರೆ ಒಂದೇ ದಿನ, ಒಂದರ ಹಿಂದೆ ಒಂದು ಓಡಿಸಿ. ಅಕ್ಕನ ಮಗ ಬೆಳಿಗ್ಗೆ 350, ಆಮೇಲೆ 160 ಓಡಿಸಿದ. ಏರಿನ ಪಾರ್ಕಿಂಗ್‌ನಿಂದ 350 ಹಿಂದಕ್ಕೆ ತೆಗೆಯುವಾಗ ಸೇಲ್ಸ್ ಹುಡುಗ ಬಂದು ಕೈ ಕೊಟ್ಟನಂತೆ. 160 ಬುಕ್ ಮಾಡಿ ಮನೆಗೆ ಬಂದ.

ಹೆಜ್ಜೆ 7: ಡೆಲಿವರಿ ದಿನ

ಪೂಜೆ ಆಯಿತು, ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ ಆಯಿತು, ಫೋಟೊ ಆಯಿತು. ಈಗ ಓಡಿಸಿ ಪಳಗಿದವರ ಕೈಗೆ ಕೀಲಿ ಕೊಡಿ. ಹೊಸ ಟೈರಿನ ಮೇಲೆ ನುಣುಪು ಇರುತ್ತದೆ, ಮೊದಲ ನೂರಿನ್ನೂರು ಕಿಲೋಮೀಟರ್ ತಿರುವಿನಲ್ಲಿ ಜಾರಬಹುದು. ಸಂಜೆ ಟ್ರಾಫಿಕ್‌ನಲ್ಲಿ ಮನೆವರೆಗೂ ಓಡಿಸಿಯೇ ತೀರುತ್ತೇನೆ ಎಂಬ ಹಟ ಬೇಡ. ಮಾರನೆಯ ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ಮೈದಾನಕ್ಕೆ ಹೋಗಿ. ಮೊದಲು ಮುಂದಿನ ಬ್ರೇಕ್ ಅಭ್ಯಾಸ: 20ರ ವೇಗದಿಂದ ಶುರು ಮಾಡಿ, ಮೆಲ್ಲಗೆ ಹಿಂಡುತ್ತಾ ನಿಲ್ಲಿಸಿ, ಹತ್ತು ಸಲ. ಆಮೇಲೆ 8 ಹಾಕಿ. ಮೊದಲ ಸರ್ವಿಸ್‌ವರೆಗೆ ಎಂಜಿನ್ ಕಿರುಚುವ ಹಾಗೆ ಓಡಿಸಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆಯೂ ಹೋಗಬೇಡಿ. ಎಷ್ಟು ಕಿಲೋಮೀಟರಿಗೆ ಸರ್ವಿಸ್ ಎಂದು ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಸೀಟಿನ ಕೆಳಗೆ ನೋಡಿ, ಅಲ್ಲೇ ಇಟ್ಟಿರುತ್ತಾರೆ.